ಬೆಂಗಳೂರಲ್ಲಿ ಒಂದು ಮೋಲ್ ಗಾಳಿ 27 ಲೀಟರ್

ಬೆಂಗಳೂರಿನ ಯಾವುದೇ ಲ್ಯಾಬಿನಲ್ಲಿ, 25 ಡಿಗ್ರಿ ಸೆಲ್ಸಿಯಸ್ ಇರುವಾಗ, ಒಂದು ಮೋಲ್ ಗಾಳಿ ಹಿಡಿಯುವ ಜಾಗ ಸುಮಾರು 27.2 ಲೀಟರ್. ಮೋಲ್ ಎಂದರೆ ಅಣುಗಳನ್ನು ಎಣಿಸುವ ಏಕಮಾನ. ಪಿಯುಸಿಯಿಂದ ನಮ್ಮ ತಲೆಯಲ್ಲಿ ಕೂತಿರುವ ಅಂಕಿ 22.4. ಎರಡರ ನಡುವೆ ಶೇಕಡಾ 20ಕ್ಕೂ ಹೆಚ್ಚು ಅಂತರವಿದೆ. ರೋಟಮೀಟರ್ (ಅನಿಲದ ಹರಿವು ತೋರಿಸುವ ಗಾಜಿನ ಕೊಳವೆ) ತೋರಿಸಿದ ಲೀಟರನ್ನು 22.4ರಿಂದ ಭಾಗಿಸಿ ಇಷ್ಟು ಮೋಲ್ ಹೋಗುತ್ತಿದೆ ಎಂದು ಬರೆದುಕೊಂಡರೆ ರಿಯಾಕ್ಟರಿನ ಲೆಕ್ಕ ಯಾವತ್ತೂ ತಾಳೆಯಾಗುವುದಿಲ್ಲ. ಇಳುವರಿ ಕಡಿಮೆ ಬಂತು, ಕ್ಯಾಟಲಿಸ್ಟ್ ಸತ್ತಿರಬೇಕು, ಎಲ್ಲೋ ಲೀಕ್ ಇರಬೇಕು ಎಂದು ದಿನಗಟ್ಟಲೆ ಹುಡುಕಾಟ ನಡೆಯುತ್ತದೆ. ಮೊದಲು ನೋಡಬೇಕಾದದ್ದು ಯಾವ ಅಂಕಿಯಿಂದ ಭಾಗಿಸಿದೆವು ಎನ್ನುವುದನ್ನು.

ಸುಲಭದ ಭಾಗವನ್ನು ಬೇಗ ಮುಗಿಸಿಬಿಡೋಣ. ಒಂದು ಪೈಪಿನಲ್ಲಿ ಇಂತಿಷ್ಟು ಹೊತ್ತಿಗೆ ಎಷ್ಟು ಮೋಲ್ ವಸ್ತು ದಾಟಿತು ಎಂಬುದೇ ಮೋಲ್ ಹರಿವಿನ ದರ. ಮೂಲ ಏಕಮಾನ ಮೋಲ್/ಸೆಕೆಂಡ್. ಪ್ಲಾಂಟುಗಳಲ್ಲಿ ಕಿಲೊಮೋಲ್/ಗಂಟೆ ನಡೆಯುತ್ತದೆ, ಲ್ಯಾಬುಗಳಲ್ಲಿ ಮಿಲಿಮೋಲ್/ನಿಮಿಷ. ಕಿಲೊಮೋಲ್/ಗಂಟೆಯನ್ನು 3.6ರಿಂದ ಭಾಗಿಸಿದರೆ ಮೋಲ್/ಸೆಕೆಂಡ್ ಬರುತ್ತದೆ: 18 ಕಿಲೊಮೋಲ್/ಗಂಟೆ ಅಂದರೆ 5 ಮೋಲ್/ಸೆಕೆಂಡ್. ಮೋಲ್/ನಿಮಿಷವನ್ನು 0.06ರಿಂದ ಗುಣಿಸಿದರೆ ಕಿಲೊಮೋಲ್/ಗಂಟೆ. ಇವುಗಳಲ್ಲಿ ತಾಪ, ಒತ್ತಡ, ಅನಿಲದ ಜಾತಿ ಯಾವುದೂ ತಲೆ ಹಾಕುವುದಿಲ್ಲ. ಬರೀ ಸಾವಿರ ಮತ್ತು ಅರವತ್ತರ ಲೆಕ್ಕ.

ಅಮೆರಿಕದ ಡಿಸೈನ್ ಕಾಗದಗಳು ಬಂದಾಗ ಪೌಂಡ್-ಮೋಲ್ ಎದುರಾಗುತ್ತದೆ. ಒಂದು ಪೌಂಡ್-ಮೋಲ್ ಎಂದರೆ 453.59237 ಮೋಲ್. ಹಾಗಾಗಿ 1 ಪೌಂಡ್-ಮೋಲ್/ಗಂಟೆ = 0.45359 ಕಿಲೊಮೋಲ್/ಗಂಟೆ = 0.1260 ಮೋಲ್/ಸೆಕೆಂಡ್. ಇಲ್ಲಿ ಎಡವುವುದು ಅಣುತೂಕದಲ್ಲಿ. ಕಾರ್ಬನ್ ಡೈಆಕ್ಸೈಡಿನ 44 ಎಂಬ ಅಂಕಿ ಗ್ರಾಂ/ಮೋಲ್‌ಗೂ ಅದೇ, ಕೆಜಿ/ಕಿಲೊಮೋಲ್‌ಗೂ ಅದೇ, ಪೌಂಡ್/ಪೌಂಡ್-ಮೋಲ್‌ಗೂ ಅದೇ. ಪೌಂಡ್/ಗಂಟೆಯನ್ನು 44ರಿಂದ ಭಾಗಿಸಿದರೆ ಉತ್ತರ ಪೌಂಡ್-ಮೋಲ್‌ನಲ್ಲಿ ಬರುತ್ತದೆ. ಅದನ್ನು ಮೋಲ್ ಎಂದು ಬರೆದುಕೊಂಡರೆ ಲೆಕ್ಕ 453 ಪಟ್ಟು ಹಾಳು. ಇಷ್ಟು ದೊಡ್ಡ ತಪ್ಪು ಹೇಗೂ ಕಣ್ಣಿಗೆ ಬೀಳುತ್ತದೆ. ಅಪಾಯ ಇರುವುದು 5, 9, 20 ಪರ್ಸೆಂಟಿನ ತಪ್ಪುಗಳಲ್ಲಿ. ಅವು ನಿಜವಾದ ಪ್ರಯೋಗದ ಏರಿಳಿತದ ಹಾಗೆಯೇ ಕಾಣುತ್ತವೆ.

ಆ ತಪ್ಪುಗಳೆಲ್ಲ ಬರುವುದು ಗಾತ್ರದಿಂದ ಮೋಲ್‌ಗೆ ಹೋಗುವ ದಾರಿಯಲ್ಲಿ. 'ಸ್ಟ್ಯಾಂಡರ್ಡ್ ಲೀಟರ್' ಎಂಬ ಮಾತಿಗೆ ಒಂದೇ ಅರ್ಥವಿಲ್ಲ. ಯಾವ ತಾಪ, ಯಾವ ಒತ್ತಡ ಎಂದು ಹೇಳದ ಹೊರತು ಅದು ಅರ್ಧ ಮಾತು. ಒಂದು ಮೋಲ್ ಆದರ್ಶ ಅನಿಲದ ಗಾತ್ರ ಬಳಕೆಯಲ್ಲಿರುವ ಬೇರೆ ಬೇರೆ ಸ್ಥಿತಿಗಳಲ್ಲಿ ಹೀಗಿದೆ:

0 ಡಿಗ್ರಿ, 101.325 ಕಿಲೊಪ್ಯಾಸ್ಕಲ್: 22.414 ಲೀಟರ್
0 ಡಿಗ್ರಿ, 100 ಕಿಲೊಪ್ಯಾಸ್ಕಲ್: 22.711 ಲೀಟರ್
15 ಡಿಗ್ರಿ, 101.325 ಕಿಲೊಪ್ಯಾಸ್ಕಲ್: 23.645 ಲೀಟರ್
60 ಡಿಗ್ರಿ ಫ್ಯಾರನ್‌ಹೀಟ್, 14.696 ಪಿಎಸ್ಐ: 23.690 ಲೀಟರ್
20 ಡಿಗ್ರಿ, 101.325 ಕಿಲೊಪ್ಯಾಸ್ಕಲ್: 24.055 ಲೀಟರ್
25 ಡಿಗ್ರಿ, 101.325 ಕಿಲೊಪ್ಯಾಸ್ಕಲ್: 24.465 ಲೀಟರ್
25 ಡಿಗ್ರಿ, 91 ಕಿಲೊಪ್ಯಾಸ್ಕಲ್, ಅಂದರೆ ನಮ್ಮೂರು: 27.24 ಲೀಟರ್

ಮೊದಲೆರಡು ಸಾಲುಗಳ ವ್ಯತ್ಯಾಸಕ್ಕೆ ಕಾರಣ 1982ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ ಪ್ರಮಾಣಿತ ಒತ್ತಡವನ್ನು 1 ಅಟ್ಮಾಸ್ಫಿಯರಿನಿಂದ 1 ಬಾರ್‌ಗೆ ಬದಲಿಸಿದ್ದು. ಹಳೆಯ ಪಠ್ಯ ಓದಿದವರು 22.4 ಎನ್ನುತ್ತಾರೆ, ಈಗಿನ ಪಿಯುಸಿ ಪುಸ್ತಕ ಓದುವ ಮಕ್ಕಳು 22.7 ಎನ್ನುತ್ತಾರೆ, ಇಬ್ಬರದೂ ಸರಿ. 'ನಾರ್ಮಲ್ ಕ್ಯೂಬಿಕ್ ಮೀಟರ್' ಎಂದಾಗ ಸಾಮಾನ್ಯವಾಗಿ ಮೊದಲ ಸಾಲು, ಒಂದರಲ್ಲಿ 44.615 ಮೋಲ್. ನೈಸರ್ಗಿಕ ಅನಿಲದವರ 'ಸ್ಟ್ಯಾಂಡರ್ಡ್ ಕ್ಯೂಬಿಕ್ ಮೀಟರ್' ನಮ್ಮ ದೇಶದಲ್ಲಿ ಮೂರನೇ ಸಾಲು, ಒಂದರಲ್ಲಿ 42.29 ಮೋಲ್. ಒಂದನ್ನು ಇನ್ನೊಂದೆಂದು ತಿಳಿದರೆ ಶೇಕಡಾ 5.5 ತಪ್ಪು. ದಿನಕ್ಕೆ ಹತ್ತು ಲಕ್ಷ ಸ್ಟ್ಯಾಂಡರ್ಡ್ ಕ್ಯೂಬಿಕ್ ಮೀಟರ್ ಹರಿಯುವ ಪೈಪ್‌ಲೈನ್ ಎಂದರೆ ಗಂಟೆಗೆ 1762 ಕಿಲೊಮೋಲ್. ದಿನಕ್ಕೆ ಹತ್ತು ಲಕ್ಷ ಸ್ಟ್ಯಾಂಡರ್ಡ್ ಘನ ಅಡಿ ಎಂದರೆ ಗಂಟೆಗೆ 49.8 ಕಿಲೊಮೋಲ್ ಮಾತ್ರ. ಒಂದು ಪೌಂಡ್-ಮೋಲ್‌ಗೆ 379.5 ಘನ ಅಡಿ ಎಂಬುದನ್ನು ನೆನಪಿಟ್ಟುಕೊಂಡರೆ ಇದು ಎರಡು ಭಾಗಾಕಾರ, ಒಂದು ಗುಣಾಕಾರದಲ್ಲಿ ಬರುತ್ತದೆ.

ಈಗ 91 ಕಿಲೊಪ್ಯಾಸ್ಕಲ್ ಎಲ್ಲಿಂದ ಬಂತು ಎಂಬುದು. ಊರಿನ ಎತ್ತರ ಸುಮಾರು 920 ಮೀಟರ್. ಮಾದರಿ ವಾಯುಮಂಡಲದ ಸೂತ್ರದಲ್ಲಿ ಆ ಎತ್ತರಕ್ಕೆ 90.8 ಕಿಲೊಪ್ಯಾಸ್ಕಲ್ ಬರುತ್ತದೆ. ಬ್ಯಾರೋಮೀಟರ್ ಇಟ್ಟು ನೋಡಿದರೂ 910 ಹೆಕ್ಟೊಪ್ಯಾಸ್ಕಲಿನ, ಅಂದರೆ 91 ಕಿಲೊಪ್ಯಾಸ್ಕಲಿನ, ಆಸುಪಾಸಿನಲ್ಲೇ ಓಡಾಡುತ್ತದೆ. ದಿನದಲ್ಲಿ ಎರಡು ಸಲ, ಬೆಳಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಒತ್ತಡ ಏರಿ, ನಡುವೆ ಮೂರು ನಾಲ್ಕು ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಮಹಡಿ ಹತ್ತಿದರೂ ಬದಲಾಗುತ್ತದೆ: 10 ಮೀಟರಿಗೆ ಸುಮಾರು 1 ಹೆಕ್ಟೊಪ್ಯಾಸ್ಕಲ್. ಒಂದು ಪರ್ಸೆಂಟಿನ ನಿಖರತೆ ಸಾಕು ಎನ್ನುವವರು ವರ್ಷವಿಡೀ 91 ಇಟ್ಟುಕೊಳ್ಳಬಹುದು.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಫೋನಿನ ಹವಾಮಾನ ಆಪ್ ತೆರೆದು ನೋಡಿದರೆ ಬೆಂಗಳೂರಿನ ಒತ್ತಡ 1012 ಅಥವಾ 1014 ಹೆಕ್ಟೊಪ್ಯಾಸ್ಕಲ್ ಎಂದು ತೋರಿಸುತ್ತದೆ. ಅದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಅಂಕಿ. ಹವಾಮಾನದ ನಕ್ಷೆಯಲ್ಲಿ ಮಂಗಳೂರನ್ನೂ ಬೆಂಗಳೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹಾಗೆ ಮಾಡುತ್ತಾರೆ. ನಿಮ್ಮ ಮೇಜಿನ ಮೇಲಿನ ಗಾಳಿಯ ಒತ್ತಡ ಅದಲ್ಲ. ಬೇಕಾದದ್ದು ಸ್ಥಳದ ನಿಜ ಒತ್ತಡ. ಕೆಲವು ಫೋನುಗಳೊಳಗೇ ಬ್ಯಾರೋಮೀಟರ್ ಸೆನ್ಸರ್ ಇರುತ್ತದೆ. ಅದರ ಕಚ್ಚಾ ಅಂಕಿ ತೋರಿಸುವ ಆಪ್ ಹಾಕಿಕೊಂಡರೆ ಈ ಕೆಲಸಕ್ಕೆ ಧಾರಾಳವಾಗಿ ಸಾಕು.

'ಸ್ಟ್ಯಾಂಡರ್ಡ್' ಎಂಬ ಮಾತಿನ ಗೊಂದಲ ಹೆಚ್ಚು ಕಾಡುವುದು ಮಾಸ್ ಫ್ಲೋ ಕಂಟ್ರೋಲರುಗಳಲ್ಲಿ, ಅಂದರೆ ಅನಿಲದ ಹರಿವನ್ನು ಅಳೆದು ನಾವು ಇಟ್ಟ ಅಂಕಿಯಲ್ಲೇ ನಿಲ್ಲಿಸುವ ಉಪಕರಣಗಳಲ್ಲಿ. ಐಐಎಸ್‌ಸಿಯ ನ್ಯಾನೊ ವಿಜ್ಞಾನ ಕೇಂದ್ರದಂಥ ಕ್ಲೀನ್‌ರೂಮಿನಿಂದ ಹಿಡಿದು ಕಾಲೇಜಿನ ಸಣ್ಣ ಕ್ಯಾಟಲಿಸಿಸ್ ಲ್ಯಾಬಿನವರೆಗೆ ಎಲ್ಲೆಡೆ ಇರುವ ಉಪಕರಣ ಇದು. ಎಲ್ಲರೂ ಎಂಎಫ್‌ಸಿ ಎನ್ನುತ್ತಾರೆ. ಅದರ ಪರದೆಯ ಮೇಲೆ ಎಸ್‌ಸಿಸಿಎಂ, ಅಂದರೆ ನಿಮಿಷಕ್ಕೆ ಇಷ್ಟು ಸ್ಟ್ಯಾಂಡರ್ಡ್ ಘನ ಸೆಂಟಿಮೀಟರ್. ಹೆಸರು ಗಾತ್ರದ್ದಾದರೂ ಅದು ನಿಜಕ್ಕೂ ಮೋಲ್ ಹರಿವು. ಸೆಮಿಕಂಡಕ್ಟರ್ ಉದ್ಯಮದ ಸೆಮಿ ಇ12 ಮಾನಕದ ಪ್ರಕಾರ ಆಧಾರ ಸ್ಥಿತಿ 0 ಡಿಗ್ರಿ, 101.325 ಕಿಲೊಪ್ಯಾಸ್ಕಲ್. ಆಗ 1 ಎಸ್‌ಸಿಸಿಎಂ = 44.615 ಮೈಕ್ರೊಮೋಲ್/ನಿಮಿಷ = 0.7436 ಮೈಕ್ರೊಮೋಲ್/ಸೆಕೆಂಡ್. ಕೆಲವು ತಯಾರಕರು 20 ಅಥವಾ 25 ಡಿಗ್ರಿಯನ್ನು ಆಧಾರ ಮಾಡಿಕೊಂಡಿರುತ್ತಾರೆ. 100 ಎಸ್‌ಸಿಸಿಎಂ ಎಂದರೆ 0 ಡಿಗ್ರಿ ಆಧಾರದಲ್ಲಿ 4.46 ಮಿಲಿಮೋಲ್/ನಿಮಿಷ, 20ರಲ್ಲಿ 4.16, 25ರಲ್ಲಿ 4.09. ಎರಡು ಕಂಪನಿಯ ಎಂಎಫ್‌ಸಿ ಪಕ್ಕಪಕ್ಕ ಇಟ್ಟು ಅನಿಲ ಬೆರೆಸುವಾಗ ಅನುಪಾತ ಶೇಕಡಾ 9ರಷ್ಟು ಕೆಡುವುದು ಹೀಗೆ. ಕ್ಯಾಲಿಬ್ರೇಷನ್ ಸರ್ಟಿಫಿಕೇಟಿನಲ್ಲಿ ಆಧಾರ ತಾಪ ಬರೆದಿರುತ್ತದೆ. ಅದನ್ನು ನೋಡಿ, ಉಪಕರಣದ ಮೇಲೆಯೇ ಒಂದು ಲೇಬಲ್ ಅಂಟಿಸಿಬಿಡುವುದು ಒಳ್ಳೆಯದು.

ಎಂಎಫ್‌ಸಿಯನ್ನು ಪರೀಕ್ಷಿಸಲು ಸೋಪ್ ಬಬಲ್ ಮೀಟರ್ (ಕೊಳವೆಯಲ್ಲಿ ಸೋಪಿನ ಗುಳ್ಳೆ ಏರುವ ವೇಗದಿಂದ ಹರಿವಿನ ಗಾತ್ರ ಅಳೆಯುವ ಸಾಧನ) ಹಿಡಿಯುವ ಹೊತ್ತು ಬಂತೆನ್ನಿ. ಎಂಎಫ್‌ಸಿಯಲ್ಲಿ ನೈಟ್ರೊಜನ್ 100 ಎಸ್‌ಸಿಸಿಎಂ ಇಟ್ಟಿದ್ದೀರಿ, ಆಧಾರ 0 ಡಿಗ್ರಿ. ಕೊಠಡಿ 25 ಡಿಗ್ರಿ, ಒತ್ತಡ 91 ಕಿಲೊಪ್ಯಾಸ್ಕಲ್. 4.4615 ಮಿಲಿಮೋಲ್ ಅನಿಲ ಇಲ್ಲಿ 121.5 ಮಿಲಿಲೀಟರ್ ಆಗುತ್ತದೆ. ಮುಗಿಯಲಿಲ್ಲ: ಸೋಪಿನ ನೀರಿನಿಂದ ಆವಿ ಸೇರಿ ಅನಿಲ ಒದ್ದೆಯಾಗುತ್ತದೆ. 25 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 3.17 ಕಿಲೊಪ್ಯಾಸ್ಕಲ್, ಒಣ ಅನಿಲದ ಪಾಲಿಗೆ ಉಳಿಯುವುದು 87.83. ಹಾಗಾಗಿ ಗುಳ್ಳೆ ತೋರಿಸುವುದು ನಿಮಿಷಕ್ಕೆ 126 ಮಿಲಿಲೀಟರ್. ಎಂಎಫ್‌ಸಿ 100 ಎನ್ನುತ್ತದೆ, ಗುಳ್ಳೆ 126 ಎನ್ನುತ್ತದೆ; ಎಂಎಫ್‌ಸಿ ಕೆಟ್ಟಿದೆ ಎಂದು ತೀರ್ಮಾನಿಸಿ ಅದರ ಸ್ಪ್ಯಾನ್ ಸ್ಕ್ರೂ ತಿರುಗಿಸಿದರೆ ಸರಿ ಇದ್ದ ಉಪಕರಣ ಹಾಳಾದಂತೆ. ಎರಡೂ ಸರಿಯಾಗಿಯೇ ಹೇಳುತ್ತಿವೆ. ಗುಳ್ಳೆಯ ಓದನ್ನು ಮೋಲ್‌ಗೆ ತರುವಾಗ ಒತ್ತಡದಿಂದ ಆವಿಯ ಪಾಲು ಕಳೆಯಿರಿ, ಉಳಿದದ್ದನ್ನು ಗಾತ್ರಕ್ಕೆ ಗುಣಿಸಿ, 8.314 ಮತ್ತು ಕೆಲ್ವಿನ್ ತಾಪದ ಗುಣಲಬ್ಧದಿಂದ ಭಾಗಿಸಿ. ಕಿಲೊಪ್ಯಾಸ್ಕಲ್ ಮತ್ತು ಲೀಟರ್ ಇಟ್ಟರೆ ಉತ್ತರ ನೇರ ಮೋಲ್‌ನಲ್ಲಿ ಸಿಗುತ್ತದೆ. ಬೇರೆ ಪರಿವರ್ತನೆ ಬೇಡ.

ಇದರ ಬೆನ್ನಿಗೇ ಬರುವ ಇನ್ನೊಂದು ತಪ್ಪು ಎಂದರೆ ಎತ್ತರದ ತಿದ್ದುಪಡಿಯನ್ನು ಎಂಎಫ್‌ಸಿಗೂ ಹಾಕುವುದು. ಉಷ್ಣ ತತ್ವದ ಎಂಎಫ್‌ಸಿ ಅನಿಲ ಹೊತ್ತೊಯ್ಯುವ ಶಾಖವನ್ನು ಅಳೆಯುತ್ತದೆ. ಆ ಶಾಖ ಎಷ್ಟು ಅಣು ಹೋದವು ಎಂಬುದಕ್ಕೆ ತಕ್ಕಂತೆ ಇರುತ್ತದೆಯೇ ಹೊರತು ಅವು ಎಷ್ಟು ಜಾಗ ಹಿಡಿದವು ಎಂಬುದಕ್ಕಲ್ಲ. ಬೆಂಗಳೂರಿನಲ್ಲೂ ಚೆನ್ನೈನಲ್ಲೂ ಅದರ 100 ಎಸ್‌ಸಿಸಿಎಂ ಅಷ್ಟೇ ಮೋಲ್. ಆದರೆ ಅನಿಲ ಬದಲಾದರೆ ತಿದ್ದುಪಡಿ ಬೇಕೇ ಬೇಕು. ನೈಟ್ರೊಜನ್ನಿಗೆ ಹೊಂದಿಸಿದ ಎಂಎಫ್‌ಸಿಯಲ್ಲಿ ಆರ್ಗಾನ್ ಬಿಟ್ಟರೆ 100 ಎಂಬ ಓದಿಗೆ ನಿಜವಾಗಿ 140ರ ಸುಮಾರು ಹೋಗುತ್ತದೆ, ಏಕೆಂದರೆ ಆರ್ಗಾನಿನ ಮೋಲ್ ಶಾಖಧಾರಣೆ ನೈಟ್ರೊಜನ್ನಿಗಿಂತ ಕಡಿಮೆ. ಅಂದರೆ ಓದನ್ನು ಗುಣಿಸಬೇಕಾದ ಗುಣಕ 1.4. ಕಾರ್ಬನ್ ಡೈಆಕ್ಸೈಡಿಗೆ ಅದು 0.7ರ ಆಸುಪಾಸು. ಸರಿಯಾದ ಗುಣಕ ತಯಾರಕರಿಂದ ತಯಾರಕರಿಗೆ ಕೊಂಚ ಬೇರೆ. ನಿಮ್ಮ ಮಾದರಿಯ ಮ್ಯಾನ್ಯುಯಲ್ಲಿನ ಅಂಕಿಯನ್ನೇ ಬಳಸಿ.

ರೋಟಮೀಟರಿನದು ಬೇರೆಯೇ ಸ್ವಭಾವ, ಮತ್ತು ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಹೆಚ್ಚು ಗಮನ ಬೇಡುವುದು ಅದೇ. ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನಲ್ಲಾಗಲಿ, ವೆಲ್ಡಿಂಗ್ ಸಿಲಿಂಡರಿನ ಮೇಲಾಗಲಿ, ಗಾಜಿನ ಕೊಳವೆಯೊಳಗೆ ತೇಲುವ ಬೆಂಡು (ಫ್ಲೋಟ್) ಲೀಟರ್/ನಿಮಿಷ ತೋರಿಸುತ್ತದೆ. ಅದು ನಿಜವಾದ ಲೀಟರೂ ಅಲ್ಲ, ಸ್ಟ್ಯಾಂಡರ್ಡ್ ಲೀಟರೂ ಅಲ್ಲ. ಬೆಂಡು ನಿಲ್ಲುವ ಎತ್ತರ ಅನಿಲದ ವೇಗದ ಜೊತೆ ಅದರ ಸಾಂದ್ರತೆಯನ್ನೂ ಅವಲಂಬಿಸಿದೆ. ಹಾಗಾಗಿ ನಿಜ ಗಾತ್ರದ ಹರಿವು ಬೇಕಾದರೆ ಓದನ್ನು ಒಂದು ವರ್ಗಮೂಲದಿಂದ ಗುಣಿಸಬೇಕು: ಕ್ಯಾಲಿಬ್ರೇಷನ್ ಅನಿಲದ ಸಾಂದ್ರತೆಯನ್ನು ಈಗಿನ ಅನಿಲದ ಸಾಂದ್ರತೆಯಿಂದ ಭಾಗಿಸಿ ಅದರ ವರ್ಗಮೂಲ.

ಒಂದು ಉದಾಹರಣೆ ಪೂರ್ತಿ ಮಾಡೋಣ. ಕೊಳವೆಯ ಮೇಲೆ 'ಗಾಳಿ, 20 ಡಿಗ್ರಿ, 1.013 ಬಾರ್' ಎಂದಿದೆ. ಈಗ ಹೋಗುತ್ತಿರುವುದು ಆರ್ಗಾನ್. ತಾಪ 27 ಡಿಗ್ರಿ. ಕೊಳವೆಯ ಹೊರಬಾಯಿ ತೆರೆದಿದೆ, ಹಾಗಾಗಿ ಒಳಗೆ 91 ಕಿಲೊಪ್ಯಾಸ್ಕಲ್. ಬೆಂಡು 10ರಲ್ಲಿ ನಿಂತಿದೆ. ಕ್ಯಾಲಿಬ್ರೇಷನ್ ಗಾಳಿಯ ಸಾಂದ್ರತೆ 1.204 ಕೆಜಿ/ಘನ ಮೀಟರ್. ಇಲ್ಲಿನ ಆರ್ಗಾನಿನ ಸಾಂದ್ರತೆ 91000 × 0.03995 ÷ (8.314 × 300.15) = 1.457. ಅನುಪಾತ 0.826, ವರ್ಗಮೂಲ 0.909. ನಿಜ ಹರಿವು 9.09 ಲೀಟರ್/ನಿಮಿಷ. ಈ ತಾಪ, ಒತ್ತಡದಲ್ಲಿ ಒಂದು ಮೋಲ್‌ಗೆ 27.42 ಲೀಟರ್. ಆದ್ದರಿಂದ 0.332 ಮೋಲ್/ನಿಮಿಷ. ಯಾವ ತಿದ್ದುಪಡಿಯೂ ಇಲ್ಲದೆ 10ನ್ನು 22.4ರಿಂದ ಭಾಗಿಸಿದ್ದರೆ 0.446 ಬರುತ್ತಿತ್ತು, ನಿಜಕ್ಕಿಂತ ಸುಮಾರು ಶೇಕಡಾ 35 ಹೆಚ್ಚು.

ಗಾಳಿಯನ್ನೇ ಅಳೆಯುವವರಿಗೆ ಅನಿಲದ ತಿದ್ದುಪಡಿ ಇಲ್ಲ, ಒತ್ತಡ ಮತ್ತು ತಾಪದ್ದು ಮಾತ್ರ. ಮೇಲಿನ ಕೊಳವೆಯಲ್ಲೇ 25 ಡಿಗ್ರಿಯಲ್ಲಿ ಬೆಂಗಳೂರಿನ ಗಾಳಿ ಹರಿದರೆ, ಓದನ್ನು 24.055ರಿಂದ ಭಾಗಿಸಿ 0.94ರಿಂದ ಗುಣಿಸಿದರೆ ಸರಿಯಾದ ಮೋಲ್ ಸಿಗುತ್ತದೆ. ಸಾಂದ್ರತೆಯ ಅನುಪಾತ 0.883, ಅದರ ವರ್ಗಮೂಲ 0.94. ವರ್ಗಮೂಲ ಮರೆತು 0.883ರಿಂದಲೇ ಗುಣಿಸಿದವರು ತಿದ್ದುಪಡಿ ಮಾಡಿಯೂ ಶೇಕಡಾ 6 ಕಡಿಮೆ ಬರೆಯುತ್ತಾರೆ.

ರೋಟಮೀಟರಿನ ವಾಲ್ವ್ ಎಲ್ಲಿದೆ ಎಂಬುದನ್ನೂ ನೋಡಬೇಕು. ವಾಲ್ವ್ ಒಳಬಾಯಿಯಲ್ಲಿದ್ದು ಮುಂದೆ ದಾರಿ ಸಲೀಸಾಗಿದ್ದರೆ ಕೊಳವೆಯೊಳಗೆ ಹೆಚ್ಚುಕಡಿಮೆ ಹೊರಗಿನ ಒತ್ತಡವೇ. ಹೊರಬಾಯಿಯಲ್ಲಿದ್ದರೆ ಕೊಳವೆಯೊಳಗೆ ಲೈನಿನ ಒತ್ತಡ. ರೆಗ್ಯುಲೇಟರ್ 0.5 ಬಾರ್ ತೋರಿಸುತ್ತಿದ್ದರೆ ಒಳಗಿನ ನಿಜ ಒತ್ತಡ 1.41 ಬಾರ್, ಅದೇ ಬೆಂಡು ಅದೇ ಗೆರೆಯಲ್ಲಿ ನಿಂತಿದ್ದರೂ ಮೋಲ್ ಹರಿವು ಶೇಕಡಾ 24 ಹೆಚ್ಚು. ಇಲ್ಲಿ 1.41 ಎಂದೆ, 1.51 ಅಲ್ಲ. ಗೇಜಿನ ಸೊನ್ನೆ ಎಂದರೆ ಆ ಊರಿನ ಗಾಳಿಯ ಒತ್ತಡ, ಇಲ್ಲಿ 0.91 ಬಾರ್. ಗೇಜಿನ ಅಂಕಿಗೆ ಕಣ್ಣುಮುಚ್ಚಿ 1.013 ಕೂಡಿಸುವ ಅಭ್ಯಾಸ ಪುಸ್ತಕದಿಂದ ಬಂದದ್ದು. 7 ಬಾರಿನ ಲೈನಿನಲ್ಲಿ ಅದರಿಂದ ಶೇಕಡಾ 1.3 ತಪ್ಪು, ಅರ್ಧ ಬಾರಿನ ಲೈನಿನಲ್ಲಿ ಶೇಕಡಾ 7. ವ್ಯಾಕ್ಯೂಮ್ ಗೇಜಿನಲ್ಲೂ ಇದೇ ಕಥೆ: 91 ಕಿಲೊಪ್ಯಾಸ್ಕಲ್ ಅಂದರೆ 683 ಮಿಲಿಮೀಟರ್ ಪಾದರಸ. ಮುಳ್ಳು 680 ಮುಟ್ಟಿ ನಿಂತರೆ ಪಂಪ್ ತನ್ನ ಕೆಲಸ ಪೂರ್ತಿ ಮಾಡಿದೆ. 760ಕ್ಕೆ ಹೋಗುತ್ತಿಲ್ಲವೆಂದು ಅದನ್ನು ಬಿಚ್ಚಬೇಕಿಲ್ಲ.

ಕಂಪ್ರೆಸರ್ ಮತ್ತು ಬ್ಲೋವರುಗಳು ಗಾತ್ರದ ಯಂತ್ರಗಳು. ಪ್ರತಿ ಸುತ್ತಿಗೆ ಇಷ್ಟು ಗಾತ್ರ ಎಳೆದುಕೊಳ್ಳುತ್ತವೆ, ಅದರಲ್ಲಿ ಎಷ್ಟು ಮೋಲ್ ಇದೆ ಎಂಬುದು ಊರಿನ ಮೇಲೆ ಹೋಗುತ್ತದೆ. ನಿಮಿಷಕ್ಕೆ 100 ಘನ ಅಡಿ ಎಂದರೆ 2832 ಲೀಟರ್. ಚೆನ್ನೈನಲ್ಲಿ 30 ಡಿಗ್ರಿಯ ಗಾಳಿಯಾದರೆ ಅದು 113.8 ಮೋಲ್/ನಿಮಿಷ, ಬೆಂಗಳೂರಿನಲ್ಲಿ 27 ಡಿಗ್ರಿಗೆ 103.3. ಒಣ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.95. ಅಂದರೆ ಆಮ್ಲಜನಕ ಅಲ್ಲಿ ನಿಮಿಷಕ್ಕೆ 763 ಗ್ರಾಂ, ಇಲ್ಲಿ 692. ಇಲ್ಲಿನ ಗಾಳಿಯಲ್ಲಿ ಶೇಕಡಾ 60 ತೇವ ಇದ್ದರೆ ಆಮ್ಲಜನಕ ಇನ್ನೂ ಶೇಕಡಾ 2ಕ್ಕೂ ಹೆಚ್ಚು ಇಳಿಯುತ್ತದೆ. ನಮ್ಮ ಅಪಾರ್ಟ್‌ಮೆಂಟುಗಳ ಕೊಳಚೆನೀರು ಶುದ್ಧೀಕರಣ ಘಟಕಗಳಿಗೆ ಬ್ಲೋವರ್ ಆರಿಸುವಾಗ ಈ ಲೆಕ್ಕ ನಿಜವಾಗಿ ಮುಖ್ಯ. ಟ್ಯಾಂಕಿನ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಆಮ್ಲಜನಕದ ಮೋಲ್, ಘನ ಅಡಿಯಲ್ಲ. ಸಮುದ್ರಮಟ್ಟದ ಕ್ಯಾಟಲಾಗ್ ನೋಡಿ ಅಂಚಿನಲ್ಲಿ ಆರಿಸಿದ ಬ್ಲೋವರ್ ಇಲ್ಲಿ ಸಾಲುವುದಿಲ್ಲ, ಟ್ಯಾಂಕ್ ನಾರುತ್ತದೆ.

ಫರ್ಮೆಂಟರಿನವರಿಗೂ, ಅಂದರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿ ಬೆಳೆಸುವವರಿಗೂ, ಇದೇ ಮಾತು. ಅವು ಬೆಳೆಯುವ ಪೋಷಕ ದ್ರವ 1000 ಲೀಟರ್ ಇದ್ದು, ಅದಕ್ಕೆ ನಿಮಿಷಕ್ಕೆ 1000 ನಾರ್ಮಲ್ ಲೀಟರ್ ಗಾಳಿ ಕೊಟ್ಟರೆ 44.6 ಮೋಲ್ ಗಾಳಿ, 9.35 ಮೋಲ್ ಆಮ್ಲಜನಕ. ಅಂದರೆ ಒಂದು ಲೀಟರ್ ದ್ರವಕ್ಕೆ ಗಂಟೆಗೆ 561 ಮಿಲಿಮೋಲ್ ಆಮ್ಲಜನಕ. ಮೀಟರಿನ ಲೀಟರ್ 25 ಡಿಗ್ರಿ ಆಧಾರದ್ದಾದರೆ ಅದು 514. ಹೊರಬರುವ ಅನಿಲದಿಂದ ಆಮ್ಲಜನಕದ ಬಳಕೆ ಲೆಕ್ಕ ಹಾಕುವಾಗ ಈ ವ್ಯತ್ಯಾಸ ಹಾಗೇ ಉತ್ತರಕ್ಕೆ ಇಳಿಯುತ್ತದೆ.

ದ್ರವ ಮತ್ತು ಪುಡಿಗಳಲ್ಲಿ ಒತ್ತಡದ ತಲೆನೋವಿಲ್ಲ. ಅಲ್ಲಿ ಶುದ್ಧತೆ ಮತ್ತು ಅಣುತೂಕ ನೋಡಬೇಕು. ತೂಕದಲ್ಲಿ ಶೇಕಡಾ 10ರ ಕಾಸ್ಟಿಕ್ ಸೋಡಾ ದ್ರಾವಣವನ್ನು ಡೋಸಿಂಗ್ ಪಂಪ್ ಗಂಟೆಗೆ 50 ಲೀಟರ್ ಹಾಕುತ್ತಿದ್ದರೆ: ಸಾಂದ್ರತೆ 1.109, ಹಾಗಾಗಿ 55.45 ಕೆಜಿ, ಅದರಲ್ಲಿ ಸೋಡಾ 5.545 ಕೆಜಿ, 40ರಿಂದ ಭಾಗಿಸಿದರೆ 0.1386 ಕಿಲೊಮೋಲ್/ಗಂಟೆ. ಸಾಂದ್ರತೆ ಬಿಟ್ಟುಬಿಟ್ಟರೆ ಶೇಕಡಾ 10 ಕಡಿಮೆ. ಪುಡಿಯಲ್ಲಿ ಚೀಲದ ಮೇಲಿನ ಹೆಸರನ್ನು ಪೂರ್ತಿ ಓದಿ. ಗಂಟೆಗೆ 10 ಕೆಜಿ ಸೋಡಿಯಂ ಕಾರ್ಬೊನೇಟ್ ನೀರಿಲ್ಲದ್ದಾದರೆ 94 ಮೋಲ್, ಹತ್ತು ನೀರಿನ ಹರಳಾದರೆ 35.

ಸೋರಿಕೆ ಅಳೆಯುವವರ ಏಕಮಾನ ನೋಡಲು ವಿಚಿತ್ರ: ಮಿಲಿಬಾರ್-ಲೀಟರ್/ಸೆಕೆಂಡ್. ಉಪಗ್ರಹದ ಬಿಡಿಭಾಗ, ವ್ಯಾಕ್ಯೂಮ್ ಚೇಂಬರ್ ಮಾಡುವವರು ಇರುವ ಈ ಊರಿನಲ್ಲಿ ಅದು ಅಪರೂಪವಲ್ಲ. ಅದೂ ತಾಪ ಸೇರಿಸಿದ ತಕ್ಷಣ ಮೋಲ್ ಹರಿವೇ: 20 ಡಿಗ್ರಿಯಲ್ಲಿ 1 ಮಿಲಿಬಾರ್-ಲೀಟರ್/ಸೆಕೆಂಡ್ = 41 ಮೈಕ್ರೊಮೋಲ್/ಸೆಕೆಂಡ್. 1 ಎಸ್‌ಸಿಸಿಎಂ ಹರಿವಿಗೆ 0 ಡಿಗ್ರಿಯಲ್ಲಿ 0.0169 ಮಿಲಿಬಾರ್-ಲೀಟರ್/ಸೆಕೆಂಡ್ ಬರುತ್ತದೆ, 20 ಡಿಗ್ರಿಯಲ್ಲಿ 0.0181. ಈ ಏಕಮಾನದಲ್ಲಿ ಒತ್ತಡ ಒಳಗೇ ಇರುವುದರಿಂದ ಎತ್ತರದ ತಿದ್ದುಪಡಿ ಬೇಡ, ತಾಪ ಮಾತ್ರ ಬರೆದಿಡಬೇಕು.

ಲಾಗ್‌ಬುಕ್ಕಿನಲ್ಲಿ 'ಆರ್ಗಾನ್ 10 ಎಲ್‌ಪಿಎಂ' (ನಿಮಿಷಕ್ಕೆ 10 ಲೀಟರ್) ಎಂದಷ್ಟೇ ಇದ್ದರೆ ಆರು ತಿಂಗಳ ನಂತರ ಅದರಿಂದ ಮೋಲ್ ಕಂಡುಹಿಡಿಯಲು ಯಾರಿಂದಲೂ ಆಗದು. ಮೀಟರ್ ತೋರಿಸಿದ್ದನ್ನು ಹಾಗೇ ಬರೆಯಿರಿ, ತಿದ್ದಿದ ಅಂಕಿಯನ್ನು ಪಕ್ಕದಲ್ಲಿ ಬರೆಯಿರಿ, ಮೊದಲನೆಯದನ್ನು ಅಳಿಸಬೇಡಿ. ಸಾಲು ಹೀಗಿರಲಿ: 'ಆರ್ಗಾನ್. ರೋಟಮೀಟರ್ ಓದು 10.0, ಸ್ಕೇಲ್ ಗಾಳಿ 20 ಡಿಗ್ರಿ 1.013 ಬಾರ್. ವಾಲ್ವ್ ಒಳಬಾಯಿಯಲ್ಲಿ. ಕೊಠಡಿ 27 ಡಿಗ್ರಿ, ಬ್ಯಾರೋಮೀಟರ್ 91.0 ಕಿಲೊಪ್ಯಾಸ್ಕಲ್. 0.332 ಮೋಲ್/ನಿಮಿಷ.'